ಸಹಾಯ ಬೇಕು: ಮೀನು ಪಂಜರದ ಕೆಳಗಿನ ಕೆಸರಿನ ಫಲಿತಾಂಶವನ್ನು ನಂಬಬಹುದೇ?

ಎಲ್ಲರಿಗೂ ನಮಸ್ಕಾರ. ತುಮಕೂರಿನಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ಮಾಡುತ್ತಿದ್ದೇನೆ. ಅಮಾನಿಕೆರೆಯ ಊರಿನವಳಿಗೆ ಕಡಲಿನ ಗೊಡವೆ ಏಕೆ ಎಂದು ದಯವಿಟ್ಟು ಕೇಳಬೇಡಿ. ಮನೆಯವರು ಕೇಳಿ ಮುಗಿಸಿದ್ದಾರೆ.

ಕರಾವಳಿಯ ಅಳಿವೆಯೊಂದರಲ್ಲಿ ಸೀಬಾಸ್ ಸಾಕುವ ಪಂಜರಗಳಿವೆ. ಮೀನು ತಿನ್ನದೆ ಬಿಟ್ಟ ಮೇವು ಮತ್ತು ಮಲ ತಳಕ್ಕಿಳಿದು ಕೊಳೆತರೆ ಅಲ್ಲಿನ ಆಮ್ಲಜನಕ ತೀರಿ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ನಾನು ತಂದ ಕೆಸರೂ ಕಪ್ಪಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬೇರೆ. ದೂರದಿಂದ ತಂದ ಹೋಲಿಕೆಯ ಮಾದರಿಗಿಂತ ಇದರಲ್ಲಿ ಸಾವಯವ ಇಂಗಾಲ ಹೆಚ್ಚು ಬಂತು.

ತೊಡಕು ಇಲ್ಲಿದೆ. ಪಂಜರದ ಕೆಳಗಿರುವುದು ನುಣ್ಣನೆಯ ಜೇಡಿ, ದೂರದ್ದು ಮರಳು. ಜೇಡಿ ಮೀನಿಲ್ಲದಿದ್ದರೂ ಹೆಚ್ಚು ಇಂಗಾಲ ಹಿಡಿದಿಡುತ್ತದೆ. ಹಾಗಾದರೆ ಅಪರಾಧಿ ಪಂಜರವೋ ಜೇಡಿಯೋ?

ಇನ್ನೊಂದು, ನಮ್ಮ ಪ್ರಯೋಗಾಲಯ ರಾಗಿ ಹೊಲದ ಮಣ್ಣಿಗೆ ಒಗ್ಗಿದ್ದು. ಬಳಸಿದ್ದು ವಾಕ್ಲಿ-ಬ್ಲ್ಯಾಕ್ ವಿಧಾನ, ಅಂದರೆ ಮಾದರಿಗೆ ಆಮ್ಲ ಮತ್ತು ಡೈಕ್ರೋಮೇಟ್ ಎಂಬ ರಾಸಾಯನಿಕ ಹಾಕಿ, ಅದು ಎಷ್ಟು ಖರ್ಚಾಯಿತೆಂದು ನೋಡಿ ಇಂಗಾಲವನ್ನು ಲೆಕ್ಕಹಾಕುವುದು. ಉಪ್ಪುನೀರಿನ ಕ್ಲೋರೈಡ್ ಕೂಡ ಡೈಕ್ರೋಮೇಟನ್ನು ಕಬಳಿಸಿ ಇಂಗಾಲವನ್ನು ಹೆಚ್ಚಾಗಿ ತೋರಿಸುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ತೊಳೆದು ನೋಡಿದೆ, ಅಂಕಿ ಇಳಿಯಿತು. ಹೋದದ್ದು ಉಪ್ಪು ಮಾತ್ರವೋ, ಕರಗುವ ಇಂಗಾಲವೂ ಹೋಯಿತೋ ತಿಳಿಯುತ್ತಿಲ್ಲ. ತೊಳೆಯುವ ಬದಲು, ಕ್ಲೋರೈಡನ್ನು ಕಟ್ಟಿಹಾಕಲು ಆಮ್ಲಕ್ಕೆ ಸಿಲ್ವರ್ ಸಲ್ಫೇಟ್ ಸೇರಿಸುವ ದಾರಿಯಿದೆ. ಅದರ ಬೆಲೆ ಕೇಳಿದ ಮೇಲೆ ಪ್ರಯೋಗಾಲಯದವರು ನನ್ನ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೆ. ಮಾರ್ಗದರ್ಶಕರು, "ಕರಾವಳಿಯವರನ್ನು ಕೇಳಮ್ಮ" ಎಂದರು.

ಕಡಲ ಕೆಸರಿನಲ್ಲಿ ಕೆಲಸ ಮಾಡಿದವರು ಎರಡು ವಿಷಯ ಹೇಳಿ: ತೊಳೆದ ಮಾದರಿಯ ಅಂಕಿಗಳನ್ನು ಪ್ರಬಂಧದಲ್ಲಿ ಬಳಸಬಹುದೇ, ಇಲ್ಲವೇ ಸಿಲ್ವರ್ ಸಲ್ಫೇಟ್ ಬೇಕೇಬೇಕೇ? ಇಂಗಾಲವನ್ನು ಜೇಡಿಯ ಶೇಕಡಾವಾರು ಪ್ರಮಾಣಕ್ಕೆ ಹೊಂದಿಸಿ ಹೋಲಿಸಿದರೆ ಸಾಕೇ, ಅಥವಾ ಪಂಜರವಿಲ್ಲದ ಜೇಡಿ ತಳದಿಂದ ಹೊಸ ಮಾದರಿ ತರಬೇಕೇ?