ಸೀಕ್ರೆಟ್ ಆಫ್ ಮನಾ: ಮೂವರು ಸೇರಿ ಆಡೋಕೆ ಏನೇನು ಗೊತ್ತಿರಬೇಕು?

ಪ್ರಶ್ನೆ: ಸ್ಕ್ವೇರ್ ಕಂಪನಿಯ 1993ರ ವಿಡಿಯೋ ಗೇಮ್ ಸೀಕ್ರೆಟ್ ಆಫ್ ಮನಾ, ಹಳೇ ಸೂಪರ್ ನಿಂಟೆಂಡೊ ಕನ್ಸೋಲಿನಲ್ಲಿ, ಸೆಕೆಂಡ್‌ಹ್ಯಾಂಡ್ ಕಾರ್ಟ್ರಿಜ್. ಆಡೋರು ಮೂರು ಜನ. ಮೂರನೇ ಕಂಟ್ರೋಲರ್ ಎಲ್ಲಿ ಹಾಕೋದು? ಯಾರಿಗೆ ಯಾವ ಪಾತ್ರ ಕೊಡೋದು? ಬಟನ್ ಎಷ್ಟು ಒತ್ತಿದರೂ ಶತ್ರುಗಳಿಗೆ ಏಟೇ ತಾಗಲ್ಲ, ಯಾಕೆ? ಆಡಿ ಬಲ್ಲವರು ಹೇಳಿ.

— ಮೂರನೆಯವರಿಗೆ ಮಲ್ಟಿಟ್ಯಾಪ್ (ಒಂದೇ ಪೋರ್ಟ್‌ಗೆ ಹಲವು ಕಂಟ್ರೋಲರ್ ಹಾಕೋ ಸಾಧನ) ಬೇಕೇ ಬೇಕು. ಅದನ್ನು ಕನ್ಸೋಲಿನ ಎರಡನೇ ಪೋರ್ಟ್‌ಗೆ ಹಾಕಿ, ಒಂದನೇ ಪೋರ್ಟ್‌ಗೆ ಮೊದಲ ಕಂಟ್ರೋಲರ್ ನೇರವಾಗಿ ಹೋಗುತ್ತೆ. ಕೆಲವು ಮಲ್ಟಿಟ್ಯಾಪ್‌ಗಳ ಮೇಲೆ ಒಂದು ಸ್ವಿಚ್ ಇರುತ್ತೆ, ಅದು ಇಬ್ಬರ ಕಡೆ ಇದ್ದರೆ ಮೂರನೆಯವರು ಸುಮ್ಮನೆ ಕೂತಿರಬೇಕು. ಇನ್ನೊಂದು ವಿಷಯ: ಶುರುವಿನಲ್ಲಿ ಹುಡುಗ ಒಬ್ಬನೇ ಇರೋದು. ಹುಡುಗಿ ಆಮೇಲೆ ಸೇರ್ತಾಳೆ, ಮೂರನೇ ಪಾತ್ರವಾದ ಸ್ಪ್ರೈಟ್ (ಪುಟ್ಟ ಮಾಂತ್ರಿಕ ಜೀವಿ) ಕುಬ್ಜರ ಊರಿನ ಹತ್ತಿರ. ಅಲ್ಲಿವರೆಗೆ ಒಬ್ಬರೇ ಆಡಿ ಸೇವ್ ಮಾಡಿಟ್ಟು, ಆಮೇಲೆ ಉಳಿದವರನ್ನು ಕರೆಯೋದು ಒಳ್ಳೇದು.

— ಸೇವ್ ಅಂದ ಮೇಲೆ ಬ್ಯಾಟರಿ ವಿಷಯ. ಕಾರ್ಟ್ರಿಜ್ ಒಳಗೆ 3 ವೋಲ್ಟಿನ ಸಿಆರ್2032 ಬಟನ್ ಬ್ಯಾಟರಿ ಇರುತ್ತೆ, ಅದು ಸತ್ತರೆ ಸೇವ್ ನಿಲ್ಲಲ್ಲ. ಆಟ ಶುರು ಮಾಡೋ ಮುಂಚೆಯೇ ಪರೀಕ್ಷೆ ಮಾಡಿ: ಸೇವ್ ಮಾಡಿ, ಪವರ್ ಆಫ್ ಮಾಡಿ, ಮರುದಿನ ನೋಡಿ. ಬದಲಿಸೋದಾದರೆ 3.8 ಮಿಮೀ ಗೇಮ್‌ಬಿಟ್ ಸ್ಕ್ರೂಡ್ರೈವರ್ ಬೇಕು, ಜೊತೆಗೆ ಟ್ಯಾಬ್ (ಬೆಸುಗೆಗೆ ಲೋಹದ ಪಟ್ಟಿ) ಇರೋ ಬ್ಯಾಟರಿಯನ್ನೇ ಬೆಸುಗೆ ಹಾಕಬೇಕು. ಟೇಪ್ ಸುತ್ತಿ ಕೂರಿಸಿದ್ದು ಸ್ವಲ್ಪ ಅಲುಗಾಡಿದರೂ ಸಂಪರ್ಕ ತಪ್ಪುತ್ತೆ. ಹಳೇ ಬ್ಯಾಟರಿ ತೆಗೆದರೆ ಹಳೇ ಸೇವ್ ಹೋದ ಹಾಗೇ.

— ಏಟು ತಾಗದಿರೋದಕ್ಕೆ ಕಾರಣ ಪರದೆಯ ಕೆಳಗಡೆ ಇರೋ ಶೇಕಡಾ ಅಂಕಿ. ಒಂದು ಸಲ ಬೀಸಿದ ಕೂಡಲೇ ಅದು ಸೊನ್ನೆಗೆ ಇಳಿದು ಮತ್ತೆ ಏರುತ್ತೆ. 100 ಆಗೋ ಮುಂಚೆ ಬೀಸಿದರೆ ಹೊಡೆತ ಪೇಲವ. ಪಟಪಟ ಒತ್ತೋ ಚಾಳಿ ಇಲ್ಲಿ ನಡೆಯಲ್ಲ. ಹೊಡಿ, ಹಿಂದೆ ಸರಿ, ತುಂಬಲಿ, ಮತ್ತೆ ಹೊಡಿ. ಮೂವರಿದ್ದಾಗ ಸರದಿ ಹಾಕಿಕೊಂಡರೆ ಶತ್ರುವಿಗೆ ಉಸಿರಾಡೋಕೂ ಬಿಡುವು ಸಿಗಲ್ಲ.

ಪ್ರಶ್ನೆ ಕೇಳಿದವರು: ಮೂವರೂ ಕತ್ತಿ ಹಿಡಿಯಬಹುದಾ?

— ಆಗಲ್ಲ. ಆಯುಧ ಎಂಟು ಬಗೆ, ಒಂದೊಂದು ಬಗೆಗೆ ಒಂದೇ. ಒಬ್ಬರು ಕೊಡಲಿ ತಗೊಂಡರೆ ಇನ್ನೊಬ್ಬರು ಬೇರೆ ಹಿಡೀಬೇಕು. ಕೌಶಲ ಮಟ್ಟ ಪ್ರತಿಯೊಬ್ಬರಿಗೂ ಪ್ರತಿ ಆಯುಧಕ್ಕೂ ಬೇರೆ ಬೇರೆ, ಆಯುಧವನ್ನು ಕಮ್ಮಾರ ವಾಟ್ಸ್ ಹತ್ತಿರ ಎಷ್ಟು ಮಟ್ಟಕ್ಕೆ ಏರಿಸಿದ್ದೀರೋ ಅದನ್ನು ದಾಟಲ್ಲ. ಆಯುಧ ಬಲಪಡಿಸೋ ಆರ್ಬ್ ಸಿಕ್ಕಿದ ಮೇಲೆ ವಾಟ್ಸ್‌ನ ಹತ್ತಿರ ಹೋಗದೆ ಮುಂದೆ ಓಡಿದರೆ ಗಂಟೆಗಟ್ಟಲೆ ಹೊಡೆದರೂ ಮಟ್ಟ ಏರಲ್ಲ. ತುಂಬಾ ಜನ ಇಲ್ಲೇ ಎಡವೋದು.

— ಪಾತ್ರ ಹಂಚೋವಾಗ ಯಾರು ಮೆನು ತೆರೆಯೋಕೆ ಬೇಜಾರು ಮಾಡ್ಕೊಳ್ಳಲ್ವೋ ಅವರಿಗೆ ಹುಡುಗಿ. ಗಾಯ ವಾಸಿ ಮಾಡೋ ಮಂತ್ರ ಅವಳದ್ದು, ದಾಳಿ ಮಂತ್ರ ಸ್ಪ್ರೈಟ್‌ದು, ಹುಡುಗನಿಗೆ ಮಂತ್ರವೇ ಇಲ್ಲ. ರಿಂಗ್ ಮೆನು (ಪಾತ್ರದ ಸುತ್ತ ಉಂಗುರದ ಹಾಗೆ ಬರೋ ಮೆನು) ಒಬ್ಬರು ತೆರೆದರೂ ಆಟ ಎಲ್ಲರಿಗೂ ನಿಲ್ಲುತ್ತೆ, ಅದಕ್ಕೇ "ತೆರೀತಿದ್ದೀನಿ" ಅಂತ ಕೂಗೋದು ರೂಢಿ ಮಾಡ್ಕೊಳ್ಳಿ. ಮಂತ್ರದ ಮಟ್ಟ ಹಾಕಿದಷ್ಟೂ ಏರುತ್ತೆ. ಹೋಟೆಲಲ್ಲಿ ಮಲಗೋ ಮುಂಚೆ ಉಳಿದ ಎಂಪಿಯನ್ನೆಲ್ಲ (ಮಂತ್ರ ಹಾಕೋ ಶಕ್ತಿ) ಖಾಲಿ ಮಾಡಿ, ಬೆಳಿಗ್ಗೆ ಎಂಪಿ ಹೇಗೂ ತುಂಬಿರುತ್ತೆ. ಆದರೆ ಮಂತ್ರದ ಮಟ್ಟ ಕಥೆಯಲ್ಲಿ ಬರೋ ಮನಾ ಬೀಜಗಳ ಲೆಕ್ಕ ದಾಟಿ ಏರಲ್ಲ, ಒಂದೇ ಜಾಗದಲ್ಲಿ ಕೂತು ಪಳಗಿಸೋದು ಒಂದು ಹಂತದ ಮೇಲೆ ದಂಡ.

— ಪರದೆ ಒಂದೇ, ಮೂವರಿಗೂ ಸೇರಿ. ಒಬ್ಬರು ಮರದ ಹಿಂದೆ ಸಿಕ್ಕಿಕೊಂಡರೆ ಉಳಿದಿಬ್ಬರೂ ಅಂಚಲ್ಲಿ ನಿಲ್ಲಬೇಕು, ಪರದೆ ಸರಿಯಲ್ಲ. ಆಟಗಾರ ಎದ್ದು ಹೋದರೆ ಆ ಪಾತ್ರವನ್ನು ಕಂಪ್ಯೂಟರ್‌ಗೆ ಬಿಟ್ಟು ಮುಂದುವರಿಯಬಹುದು, ಆದರೆ ಅದಕ್ಕೆ ದಾರಿ ಹುಡುಕೋ ಬುದ್ಧಿ ಕಡಿಮೆ.

— ಸಾಮಾನು ಒಂದೊಂದು ಬಗೆಗೆ ನಾಲ್ಕಕ್ಕಿಂತ ಹೆಚ್ಚು ಇಟ್ಕೊಳ್ಳೋಕಾಗಲ್ಲ, ಅದೂ ಮೂವರಿಗೆ ಸೇರಿ. ಕ್ಯಾಂಡಿ 100 ಎಚ್‌ಪಿ (ಪಾತ್ರದ ಜೀವಶಕ್ತಿ) ಕೊಡುತ್ತೆ. ಮಾಟಗಾತಿ ಎಲಿನಿಯ ಕೋಟೆಯಲ್ಲಿ ಸ್ಪೈಕಿ ಟೈಗರ್ ಅನ್ನೋ ಬಾಸ್ (ದೊಡ್ಡ ಶತ್ರು) ಹತ್ತಿರ ಹೋಗೋವಾಗ ಮಂತ್ರ ಇನ್ನೂ ಇರಲ್ಲ, ಕ್ಯಾಂಡಿ ಪೂರ್ತಿ ತುಂಬಿಸಿಕೊಂಡೇ ಹೋಗಿ. ಆ ಹುಲಿ ಆರಂಭದ ಅತಿ ಕಿರಿಕಿರಿ ಬಾಸ್.

— ಕೊನೇ ಬಾಸ್ ಬಗ್ಗೆ ಈಗಲೇ ಬೇಡದವರು ಇಲ್ಲಿಗೆ ನಿಲ್ಲಿಸಿ. ಹುಡುಗಿ, ಸ್ಪ್ರೈಟ್ ಇಬ್ಬರೂ ಮನಾ ಮಂತ್ರವನ್ನು ಹುಡುಗನ ಕತ್ತಿಗೆ ಹಾಕಿದರೆ ಮಾತ್ರ ಅದಕ್ಕೆ ಏಟು ತಾಗೋದು. ಇಬ್ಬರಲ್ಲಿ ಒಬ್ಬರು ಬಿದ್ದರೆ ಎಬ್ಬಿಸೋವರೆಗೂ ಕತ್ತಿ ದಂಡ, ಅದಕ್ಕೇ ಬಿದ್ದವರನ್ನು ಎಬ್ಬಿಸೋ ಕಪ್ ಆಫ್ ವಿಶಸ್ ಮತ್ತು 50 ಎಂಪಿ ಕೊಡೋ ಫೇರಿ ವಾಲ್‌ನಟ್ ನಾಲ್ಕು ನಾಲ್ಕು ಉಳಿಸಿ.