ಬಾಲ್ಕನಿಯಲ್ಲಿ ಈರುಳ್ಳಿ ಸೊಪ್ಪು: ಬೀಜಾನಾ, ಗಡ್ಡೆನಾ? ಬೆಳೆದವರು ಹೇಳಿ

ವಿಜಯನಗರ ಬಾಲ್ಕನಿ:
ಬಾಡಿಗೆ ಮನೆ, ಎರಡನೇ ಮಹಡಿ. ಎದುರು ಕಟ್ಟಡ ಎದ್ದ ಮೇಲೆ ಬಾಲ್ಕನಿಗೆ ಬೆಳಗ್ಗೆ ಮೂರೇ ಗಂಟೆ ಬಿಸಿಲು. ಅಂಗಡಿಯಿಂದ ತಂದ ಸೊಪ್ಪಿನ ಬೇರನ್ನ ಲೋಟದ ನೀರಲ್ಲಿ ಇಟ್ಟೆ, ಐದನೇ ದಿನಕ್ಕೆ ಚರಂಡಿ ವಾಸನೆ. ವಾರಕ್ಕೊಂದು ಹಿಡಿ ಸಿಕ್ಕಿದ್ರೆ ಸಾಕು ನಂಗೆ. ಬೀಜ ಹಾಕ್ಲಾ, ಗಡ್ಡೆ ನೆಡ್ಲಾ? ಇಷ್ಟು ಬಿಸಿಲು ಸಾಕಾ?

ತಾರಸಿ ತಿಮ್ಮ:
ಮೊದಲು ನನ್ನ ಲೆಕ್ಕ ನೋಡಿ, ಆಮೇಲೆ ಆಸೆ ಪಡಿ. ಗ್ರೋ ಬ್ಯಾಗ್ 24, ತಲಾ 85ರಂತೆ 2,040. ಐದು ಕೆಜಿಯ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇಟ್ಟಿಗೆ ಆರು, 1,440. ಎರೆಗೊಬ್ಬರ ಎರಡು ಮೂಟೆ, 1,100. ಕಬ್ಬಿಣದ ಸ್ಟ್ಯಾಂಡು 6,200 (ವೆಲ್ಡಿಂಗ್‌ನವನು ಎರಡು ಸಲ ಅಳತೆ ತಪ್ಪಿದ). ಬೀಜ 180, ಬೇವಿನೆಣ್ಣೆ 380. ಒಟ್ಟು 11,340. ಕೋಕೋಪೀಟ್ ತೊಳೀಬೇಕು ಅಂತ ಯಾರೂ ಹೇಳ್ಲಿಲ್ಲ. ಅದರಲ್ಲಿರೋ ಉಪ್ಪಿಗೆ ಹದಿನೈದೇ ದಿನದಲ್ಲಿ ಗರಿ ತುದಿ ಎಲ್ಲ ಕಂದು. ಎಲ್ಲ ಸುರಿದು, ಬಕೆಟ್‌ನಲ್ಲಿ ಮೂರು ನೀರು ಬದಲಾಯಿಸಿ ತೊಳೆದು, ಮತ್ತೆ ಬಿತ್ತಿದೆ. ಆರು ತಿಂಗಳಲ್ಲಿ ಸಿಕ್ಕಿದ್ದು ಒಂಬತ್ತು ಕಟ್ಟು. ಒಂದು ಕಟ್ಟಿಗೆ 1,260 ರೂಪಾಯಿ ಬಿತ್ತು! ಇದ್ರಲ್ಲಿ ಕೆಳಗಿನ ಮನೆ ಸೀಲಿಂಗ್‌ಗೆ ನೀರಿಳಿದು ತಾರಸಿಗೆ ಮಾಡಿಸಿದ ವಾಟರ್‌ಪ್ರೂಫಿಂಗ್ 38,000 ಸೇರಿಸಿಲ್ಲ. ಅದನ್ನ ಹೆಂಡತಿ ಬೇರೆ ಬರೆದಿಟ್ಕೊಂಡಿದ್ದಾಳೆ.

ಮಲ್ಲೇಶ್ವರದ ಸೊಸೆ:
ಹನ್ನೊಂದು ಸಾವಿರಾನಾ? ನಂದು ಸೊನ್ನೆ. ನಮ್ಮತ್ತೆ ಮನೇಲಿ ಈರುಳ್ಳಿ ಹೆಸರೆತ್ತೋ ಹಾಗಿಲ್ಲ. ಅದಕ್ಕೇ ನೀರಿನ ಟ್ಯಾಂಕ್ ಹಿಂದೆ, ಹಿಡಿ ಮುರಿದ ಬಕೆಟ್‌ಗೆ ತೂತು ಕೊರೆದು ಸಾಂಬಾರ್ ಈರುಳ್ಳಿ ಊರಿದೆ. ದೊಡ್ಡ ಈರುಳ್ಳಿ ಅಲ್ಲ, ಸಾಂಬಾರ್ ಈರುಳ್ಳಿ. ಒಂದೊಂದು ಗಡ್ಡೆಯಿಂದ ನಾಲ್ಕೈದು ಸುಳಿ ಬರುತ್ತೆ. ಕುತ್ತಿಗೆ ಹೊರಗಿರ್ಲಿ, ಪೂರ್ತಿ ಮುಚ್ಚಿದ್ರೆ ಕೊಳೀತದೆ. ಇಪ್ಪತ್ತೆರಡನೇ ದಿನ ಮೊದಲ ಕೊಯ್ಲು, ಬುಡದಿಂದ ಎರಡು ಬೆರಳು ಬಿಟ್ಟು ಕತ್ತರಿಸಿದೆ. ಬೀಜ ಹಾಕಿ ಎರಡು ತಿಂಗಳು ಕಾಯೋದು ಶುದ್ಧ ದಡ್ಡತನ. ಅತ್ತೆಗೆ ಗೊತ್ತಾಗಿದ್ದು ವಾಸನೆಯಿಂದಲ್ಲ, ಗಿಡ ಹೂ ಬಿಟ್ಟಾಗ. "ಇದೇನೇ, ಚೆಂದದ ಲಿಲ್ಲಿ" ಅಂತ ದೇವರಿಗೆ ಕಿತ್ಕೊಂಡು ಹೋಗೋಕೆ ಬಂದಿದ್ರು.

ಚಿಂತಾಮಣಿ ಕಡೆಯೋನು:
ದಡ್ಡತನ ಯಾರದ್ದು ಮೇಡಂ? ಗಡ್ಡೆ ತನ್ನೊಳಗೆ ಕೂಡಿಟ್ಟಿದ್ದನ್ನ ಗರಿಗೆ ಸುರಿಯುತ್ತೆ. ಎರಡು ಮೂರು ಕೊಯ್ಲಿಗೆ ಖಾಲಿ, ಆಮೇಲೆ ಬರೋದು ಹುಲ್ಲು. ಅದನ್ನ ಬೆಳೆ ಅನ್ನೋಕಾಗಲ್ಲ. ನಮ್ಮಪ್ಪ ಮೂವತ್ತು ವರ್ಷ ಗುಲಾಬಿ ಈರುಳ್ಳಿ ಬೆಳೆದೋರು. ಬೆಂಗಳೂರು ಗುಲಾಬಿ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಗುರುತು, ಅಂದ್ರೆ ಇಂಥ ಊರಿನ ಬೆಳೆ ಅನ್ನೋ ಜಿಐ ಟ್ಯಾಗ್, ಸಿಕ್ತು. ಅದು ಚೆನ್ನೈ ಬಂದರಿನಿಂದ ಮಲೇಷ್ಯಾ, ಸಿಂಗಾಪುರಕ್ಕೆ ಹೋಗುತ್ತೆ, ಬೆಂಗಳೂರಿನೋರು ತಿನ್ನಲ್ಲ. ಒಂದು ವರ್ಷ ಕೊಯ್ಲಿನ ಹೊತ್ತಿಗೇ ಮಳೆ ಹಿಡಿದು, ಕಿತ್ತ ಗಡ್ಡೆ ಹೊಲದಲ್ಲೇ ಮೊಳಕೆ ಬಂತು. ಅಪ್ಪ ಮೂರು ದಿನ ಮಾತಾಡ್ಲಿಲ್ಲ. ಬೀಜದ ವಿಷಯಕ್ಕೆ ಬಂದ್ರೆ, ಈರುಳ್ಳಿ ಬೀಜ ವರ್ಷ ದಾಟಿದ್ರೆ ಸತ್ತ ಹಾಗೇ. ಪ್ಯಾಕೆಟ್ ಮೇಲಿನ ತಾರೀಖು ನೋಡದೆ ತಗೊಂಡು "ಹುಟ್ಟಲಿಲ್ಲ" ಅಂತ ಅಳೋರೇ ಜಾಸ್ತಿ. ಮಳೆಗಾಲಕ್ಕೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ತಳಿ ಹಾಕಿ, ನೇರಳೆ ಮಚ್ಚೆ ರೋಗ ಸ್ವಲ್ಪ ತಡ್ಕೊಳುತ್ತೆ.

ತಾರಸಿ ತಿಮ್ಮ:
ಅಳೋರು ಅಂದ್ರೆ ಯಾರು? ನನಗೆ ಹೇಳಿದ್ದಾ? ಪ್ಯಾಕೆಟ್ ಮೇಲೆ ತಾರೀಖನ್ನ ಇರುವೆ ಅಕ್ಷರದಲ್ಲಿ ಹಾಕಿರ್ತಾರೆ ಸ್ವಾಮಿ.

ಚಿಂತಾಮಣಿ ಕಡೆಯೋನು:
ಕನ್ನಡಕಕ್ಕೂ ಒಂದು ಲೆಕ್ಕ ಬರೀರಿ ಸಾರ್.

ಬೋರ್‌ವೆಲ್ ಬಾಧಿತ:
ನೀವೆಲ್ಲ ಕಾವೇರಿ ನೀರಿನವರು. ನಮ್ದು ಸರ್ಜಾಪುರ ರಸ್ತೆ. 2024ರ ಮಾರ್ಚ್‌ನಲ್ಲಿ ನಮ್ಮ ಬೋರ್ ಬತ್ತಿ, ಟ್ಯಾಂಕರ್‌ಗೆ ದಿನಾ ಕಾಯ್ತಿದ್ವಿ. ಜಲಮಂಡಳಿ ಕುಡಿಯೋ ನೀರು ಗಿಡಕ್ಕೆ ಹಾಕಿದ್ರೆ 5,000 ದಂಡ ಅಂತು. ನಾನು ಜಾಣತನ ಮಾಡಿ ಆರ್‌ಒ ಮೆಷೀನಿಂದ ಹೊರಗೆ ಬಿಡೋ ನೀರನ್ನ ಹಿಡಿದು ಹಾಕಿದೆ. ಬೋರ್‌ವೆಲ್ ನೀರಿನ ಉಪ್ಪೆಲ್ಲ ಅದರಲ್ಲೇ ಗಟ್ಟಿಯಾಗಿ ಕೂತಿರುತ್ತೆ ಅಂತ ತಲೆಗೆ ಹೊಳೀಲಿಲ್ಲ. ಮೂರನೇ ವಾರ ಮಣ್ಣಿನ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ, ಗರಿ ತುದಿ ಒಣ ಹುಲ್ಲು. ಹದಿನಾಲ್ಕು ಕುಂಡ ಹೋಯ್ತು. ಈಗ ಅಕ್ಕಿ, ತರಕಾರಿ ತೊಳೆದ ನೀರು ಮಾತ್ರ. ಉಪ್ಪು ಹಾಕಿ ತೊಳೆದಿದ್ದಲ್ಲ ಮತ್ತೆ!

ರಾಜಾಜಿನಗರ ಧಾರವಾಡ:
ಎಲ್ಲಾರೂ ಈರುಳ್ಳಿ ಸೊಪ್ಪು, ಈರುಳ್ಳಿ ಹೂವು ಅನ್ಕೋತ ಕುಂತೀರಿ. ನಮ್ಮ ಕಡೆ ಉಳ್ಳಾಗಡ್ಡಿ ತಪ್ಪಲ ಅಂತೀವಿ. ಹಸೀದ ರೊಟ್ಟಿ ಜೋಡಿ, ಶೇಂಗಾ ಹಿಂಡಿ ಹಚ್ಚಿ ತಿನ್ನೋದು. ಕುದಿಸಿ ಹಾಳ ಮಾಡ್ಬ್ಯಾಡ್ರಿ. ನಾ ಬೆಂಗಳೂರಿಗೆ ಬಂದ ಮ್ಯಾಲೆ ಎರಡು ವರ್ಷ ಹಚ್ಚಿದೆ, ಎರಡೂ ವರ್ಷ ಬಸವನಹುಳ ತಿಂದು ಹ್ವಾದ್ವು. ಆ ಅಂಗೈ ಅಗಲದ ಆಫ್ರಿಕಾದ ಹುಳ. ಮಳಿ ಬಿದ್ದ ರಾತ್ರಿ ಟಾರ್ಚ್ ಹಿಡ್ಕೊಂಡು ನಲವತ್ತೊಂದು ಆರಿಸೀನಿ, ಎಣಿಸಿ ಹೇಳಾಕತ್ತೀನಿ.

ಮಲ್ಲೇಶ್ವರದ ಸೊಸೆ:
ಹೂವು ಅಂದ್ರೆ ಹೂದಂಟು, ಅದ್ರ ಪಲ್ಯಾನೇ ಬೇರೆ. ಸೊಪ್ಪೇ ಬೇರೆ. ಇಷ್ಟೂ ಗೊತ್ತಿಲ್ದೆ ಉಪದೇಶ ಮಾಡೋಕೆ ಬರ್ತಾರೆ.

ರಾಜಾಜಿನಗರ ಧಾರವಾಡ:
ಅಕ್ಕಾರ, ನಾ ಉಪದೇಶ ಮಾಡಿಲ್ರಿ. ನಾ ತಿನ್ನೂದು ಹೇಳೀನಿ. ನಿಮ್ಗ ಮನ್ಯಾಗ ಕದ್ದ ತಿನ್ನೂ ಪಾಳಿ ಬಂದೈತಿ, ಅದರ ಸಿಟ್ಟು ನನ್ನ ಮ್ಯಾಲ್ಯಾಕ?

ಚಿಂತಾಮಣಿ ಕಡೆಯೋನು:
ಹುಳ ಕಣ್ಣಿಗೆ ಕಾಣುತ್ತೆ, ಆರಿಸಬಹುದು. ಥ್ರಿಪ್ಸ್ ಅನ್ನೋ ರಸ ಹೀರೋ ಪುಟಾಣಿ ಕೀಟದ ಬಗ್ಗೆ ಯಾರೂ ಬಾಯೇ ಬಿಡಲ್ಲ. ಫೆಬ್ರವರಿಯಿಂದ ಮಳೆ ಬೀಳೋವರೆಗೂ ಅದರದ್ದೇ ರಾಜ್ಯ. ಗರಿ ಮೇಲೆ ಬೆಳ್ಳಿ ಗೀರು ಗೀರು ಕಂಡ್ರೆ ಅದೇ. ಸುಳಿ ಸಂದಿಯಲ್ಲಿ ಅಡಗಿರುತ್ತೆ, ಮೇಲೆ ಮೇಲೆ ಬೇವಿನೆಣ್ಣೆ ಸಿಂಪಡಿಸಿ ಕೈ ತೊಳ್ಕೊಂಡ್ರೆ ನಗುತ್ತೆ. ಎಣ್ಣೆಗೆ ಸ್ವಲ್ಪ ಸೋಪು ಬೆರೆಸಿ, ಗರಿ ಬಿಡಿಸಿ, ಬುಡಕ್ಕೆ ಇಳಿಯೋ ಹಾಗೆ ಹೊಡೀಬೇಕು, ಸಂಜೆ ಹೊತ್ತು. ತಾರಸಿ ತಿಮ್ಮ ಅವರು 380 ಕೊಟ್ಟಿದ್ದು ಗಾಳಿಗೆ ಹೊಡೆಯೋಕೆ ಅನ್ಸುತ್ತೆ.

ತಾರಸಿ ತಿಮ್ಮ:
ನನ್ನ ಬೇವಿನೆಣ್ಣೆ ತಂಟೆಗೆ ಬರಬೇಡಿ. ಇನ್ನೂ ಮುಕ್ಕಾಲು ಬಾಟಲಿ ಇದೆ.

ವಿಜಯನಗರ ಬಾಲ್ಕನಿ:
ನಾನು ಕೇಳಿದ್ದು ಮೂರು ಗಂಟೆ ಬಿಸಿಲು ಸಾಕಾ ಅಂತ.

ಬೋರ್‌ವೆಲ್ ಬಾಧಿತ:
ನಮ್ಗೆ ಎಂಟು ಗಂಟೆ ಬಿಸಿಲು ಇದೆ, ನೀರಿಲ್ಲ. ನಿಮ್ಗೆ ನೀರಿದೆ, ಬಿಸಿಲಿಲ್ಲ. ಅದೃಷ್ಟ ಮಾಡಿದೀರಿ ಅಂತ ತಿಳ್ಕೊಳಿ.

ಮಲ್ಲೇಶ್ವರದ ಸೊಸೆ:
ಬಿಸಿಲು ಕಮ್ಮಿ ಇದ್ರೆ ಬೀಜ ಬೇಡವೇ ಬೇಡ, ಸಸಿ ಕೂದಲೆಳೆ ಥರ ಎದ್ದು ಮಲಗುತ್ತೆ. ಗಡ್ಡೆ ಊರಿ, ತನ್ನ ಬುತ್ತಿ ತಾನೇ ತಂದಿರುತ್ತೆ. ಸಣಕಲಾದಾಗ ಕಿತ್ತು ಸಾರಿಗೆ ಹಾಕಿ, ಹೊಸಾ ಹಿಡಿ ಊರಿ. ಎರಡು ಡಬ್ಬಿ ಇಟ್ಕೊಂಡು ಹದಿನೈದು ದಿನದ ಅಂತರದಲ್ಲಿ ಊರಿದ್ರೆ ವಾರಕ್ಕೊಂದು ಹಿಡಿ ಬರುತ್ತೆ. ಲೋಟದ ನೀರು ದಿನಾ ಬದಲಾಯಿಸಿ, ಬೇರು ಮಾತ್ರ ಮುಳುಗ್ಲಿ, ಬಿಳಿ ದಂಟು ಮುಳುಗಿದ್ರೆ ನಾರುತ್ತೆ. ಇಷ್ಟೇ ವಿಷಯ, ಚಿಂತಾಮಣಿಯವರು ಭಾಷಣ ಮಾಡಿದ್ರು.

ಚಿಂತಾಮಣಿ ಕಡೆಯೋನು:
ಬುತ್ತಿ ಅಂದಿದ್ದು ನಾನು ಮೊದಲೇ ಹೇಳಿದ ಮಾತು, ಮೇಲೆ ಹೋಗಿ ಓದಿ. ಕದ್ದು ತಿನ್ನೋದು ಈರುಳ್ಳಿ ಮಾತ್ರ ಅಲ್ಲ ಅಂತಾಯ್ತು.

ರಾಜಾಜಿನಗರ ಧಾರವಾಡ:
ಹಹ್ಹಾ.

ವಿಜಯನಗರ ಬಾಲ್ಕನಿ:
ಇವತ್ತು ಅರ್ಧ ಕೆಜಿ ಸಾಂಬಾರ್ ಈರುಳ್ಳಿ ತಂದೆ. ಮಣ್ಣು ಎಲ್ಲಿ ಸಿಗುತ್ತೆ?

ತಾರಸಿ ತಿಮ್ಮ:
ಮಣ್ಣು ಯಾಕೆ? ನನ್ನ ಹತ್ರ ಕೋಕೋಪೀಟ್ ಎರಡು ಇಟ್ಟಿಗೆ ಒಡೆಯದೇ ಉಳಿದಿವೆ. ಜಯನಗರಕ್ಕೆ ಬಂದು ತಗೊಂಡು ಹೋಗಿ, ಎರಡಕ್ಕೂ ಸೇರಿ 400 ಕೊಡಿ ಸಾಕು. ಗ್ರೋ ಬ್ಯಾಗೂ ಇದೆ. ಸ್ಟ್ಯಾಂಡ್ ಬೇಕಾದ್ರೂ ಹೇಳಿ, ಅಳತೆ ಮಾತ್ರ ಸ್ವಲ್ಪ ಓರೆ.