ಹೊಂಡದಲ್ಲಿ ಕೂತ ‘ಶೃಂಗ’ಕ್ಕೆ ಏನನ್ನೋಣ?

ಗೆಳೆಯರೇ,

ತೀರ್ಥಹಳ್ಳಿಯಿಂದ ಅಕ್ಕನ ಮಗಳು ಶಿವಮೊಗ್ಗಕ್ಕೆ ಬಂದಿದ್ದಾಳೆ. ಹತ್ತನೇ ತರಗತಿ, ಕನ್ನಡ ಮಾಧ್ಯಮ. ಮಳೆ ಬಿಡಲಿಲ್ಲ, ಕರೆಂಟೂ ಇರಲಿಲ್ಲ. ಸರಿ, ಗ್ರಾಫ್ ಶೀಟ್ ಹರಡಿಕೊಂಡು ವರ್ಗ ಸಮೀಕರಣದ ನಕ್ಷೆ ಬಿಡಿಸಲು ಕೂತೆವು. ಲೆಕ್ಕ ಬೇಗ ಮುಗಿಯಿತು. ಜಗಳ ಆಗಿದ್ದು ಪದಗಳ ಮೇಲೆ.

ತೆಗೆದುಕೊಂಡದ್ದು ವೈ = ಎಕ್ಸ್² − 6ಎಕ್ಸ್ + 5. ಎಕ್ಸ್ ಜಾಗಕ್ಕೆ 0 ಹಾಕಿದರೆ ವೈ 5. ವೈ ಜಾಗಕ್ಕೆ 0 ಹಾಕಿದರೆ ಎಕ್ಸ್ 1 ಅಥವಾ 5. ಈ ಎರಡರ ನಟ್ಟನಡುವೆ 3. ಅಲ್ಲಿ ವೈ ಬೆಲೆ −4. ನಕ್ಷೆಯ ಗೆರೆ ಅಲ್ಲಿಯವರೆಗೆ ಇಳಿದು, ಅಲ್ಲಿಂದ ಮೇಲೆ ಹತ್ತುತ್ತದೆ. ಈ ಬಾಗಿದ ಗೆರೆಗೇ ಪರವಲಯ ಅನ್ನೋದು.

‘ಈ (3, −4) ಇದೆಯಲ್ಲ, ಇದು ಪರವಲಯದ ಶೃಂಗ’ ಅಂದೆ.

‘ಮಾವ, ಶೃಂಗ ಅಂದ್ರೆ ಗುಡ್ಡದ ತುದಿ ಅಲ್ವಾ? ಇದು ಹೊಂಡದಲ್ಲಿ ಕೂತಿದೆಯಲ್ಲ!’

ಕೊಡಚಾದ್ರಿ ಹತ್ತಿ ಬಂದ ಹುಡುಗಿಗೆ ಏನು ಹೇಳೋದು? ತ್ರಿಭುಜದ ಮೂಲೆಗೆ ಶೃಂಗ ಅಂತೀವಿ, ಅದೇ ಇಲ್ಲಿಗೂ ಬಂತು ಅಂದೆ. ಅವಳು ಒಪ್ಪಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಒಪ್ಪಿಗೆಯಾಗಲಿಲ್ಲ. ಎಕ್ಸ್²ರ ಹಿಂದೆ ಮೈನಸ್ ಇದ್ದರೆ ನಕ್ಷೆ ಬೋರಲಾಗುತ್ತದೆ, ಆಗ ಶೃಂಗ ಸರಿಯಾಗಿ ನೆತ್ತಿಯ ಮೇಲೇ ಇರುತ್ತದೆ. ಇಲ್ಲಿ ಹಾಗಲ್ಲ.

‘ತಿರುವು’ ಅನ್ನೋಣ ಅಂದೆ. ಅದಕ್ಕೂ ತಕರಾರು. ಆಗುಂಬೆ ಘಾಟಿಯಲ್ಲಿ ಎಷ್ಟೊಂದು ತಿರುವು ದಾಟಿದರೂ ಬಸ್ಸು ಇಳಿಯುತ್ತಲೇ ಇರುತ್ತದೆ, ತಿರುವಿನಲ್ಲಿ ಏರು ಶುರುವಾಗೋದಿಲ್ಲ! ಅವಳ ಪ್ರಕಾರ ಇದು ಹಳ್ಳದ ಮೋರಿ ಇದ್ದ ಹಾಗೆ. ರಸ್ತೆ ಮೋರಿಯವರೆಗೆ ಇಳಿಯುತ್ತದೆ, ಆಮೇಲೆ ಏರು. ಚಿತ್ರ ಚೆನ್ನಾಗಿದೆ. ಆದರೆ ಬೋರಲು ನಕ್ಷೆಗೆ ಮೋರಿ ಆಗೋದಿಲ್ಲ.

ಆಮೇಲೆ ಸುಮ್ನೆ ಕುತೂಹಲಕ್ಕೆ, ಶೃಂಗಕ್ಕೆ ಇಂಗ್ಲಿಷಿನಲ್ಲಿ ಹೇಳುವ ‘ವರ್ಟೆಕ್ಸ್’ ಪದದ ಹುಟ್ಟು ಹುಡುಕಿದೆ. ಅದು ಲ್ಯಾಟಿನ್ ಪದ, ‘ತಿರುಗು’ ಅನ್ನುವ ಕ್ರಿಯಾಪದದಿಂದ ಬಂದದ್ದು. ಮೊದಲು ನೀರಿನ ಸುಳಿ, ಆಮೇಲೆ ತಲೆಗೂದಲಿನ ಸುಳಿ, ಅಲ್ಲಿಂದ ನೆತ್ತಿ, ಕೊನೆಗೆ ತುದಿ. ನಮ್ಮ ‘ಸುಳಿ’ಯೂ ಹಾಗೇ ಅಲ್ವಾ? ತುಂಗೆಯಲ್ಲಿ ಸುಳಿ, ಮಗುವಿನ ನೆತ್ತಿಯಲ್ಲಿ ಸುಳಿ, ಅಡಿಕೆ ಮರದ ತುದಿಯಲ್ಲೂ ಸುಳಿ. ಎಲ್ಲೋ ಇರುವ ಎರಡು ಭಾಷೆ ಒಂದೇ ದಾರಿ ಹಿಡಿದಿವೆ. ಹಾಗಂತ ಪರವಲಯಕ್ಕೆ ಸುಳಿ ಅನ್ನೋಣ ಅಂತ ನಾನು ಹೇಳುತ್ತಿಲ್ಲ. ಆದರೆ ‘ವರ್ಟೆಕ್ಸ್’ ಪದದ ಬೇರಿನಲ್ಲಿರೋದು ತುದಿಯಲ್ಲ, ತಿರುಗುವುದು. ಹಾಗಾಗಿ ನನ್ನ ಓಟು ‘ತಿರುಗುಬಿಂದು’ವಿಗೆ. ಕೆಳಗಿದ್ದರೆ ತಗ್ಗಿನ ತಿರುಗುಬಿಂದು, ಮೇಲಿದ್ದರೆ ನೆತ್ತಿಯ ತಿರುಗುಬಿಂದು. ಆಗುಂಬೆಯ ‘ತಿರುವು’ ರಸ್ತೆಗೇ ಇರಲಿ.

ಇನ್ನು ನಕ್ಷೆ ಅಕ್ಷಗಳನ್ನು ಸೇರುವ ಜಾಗಗಳು. ಇಲ್ಲಿ ನಾನು ಪೂರ್ತಿ ಸೋತೆ. ‘ಅಂತಃಛೇದ’ ಅಂದ ಕೂಡಲೇ ಅವಳು ‘ಛೇದ ಇದ್ರೆ ಅಂಶ ಎಲ್ಲಿ?’ ಅಂದಳು. ಭಿನ್ನರಾಶಿಯ ಛೇದ ತಲೆಯಲ್ಲಿತ್ತು, ಪಾಪ. ವೃತ್ತದ ಪಾಠದಲ್ಲಿ ‘ಛೇದಕ’ (ವೃತ್ತವನ್ನು ಎರಡು ಕಡೆ ಕಡಿಯುವ ಗೆರೆ) ಬೇರೆ ಇದೆ. ‘ದಾಟುವ ಬಿಂದು’ ಇಷ್ಟವಾಯಿತು. ಆದರೆ ಎಕ್ಸ್² − 6ಎಕ್ಸ್ + 9 ತೆಗೆದುಕೊಳ್ಳಿ. ಅದು ಎಕ್ಸ್ ಅಕ್ಷವನ್ನು 3ರಲ್ಲಿ ಮುಟ್ಟಿ ಹಾಗೇ ಮೇಲೆ ಹೋಗುತ್ತದೆ, ದಾಟೋದೇ ಇಲ್ಲ. ‘ಕಡಿಯುವ ಬಿಂದು’ವಿಗೂ ಇದೇ ತೊಂದರೆ. ‘ಮುಟ್ಟು’ ಅಂತ ಚಿಕ್ಕದಾಗಿ ಹೇಳಿದರೆ ಹೈಸ್ಕೂಲು ಹುಡುಗರು ನಗುತ್ತಾರೆ, ಅದು ಬೇಡ. ‘ಶೂನ್ಯತೆ’, ‘ಮೂಲ’ ಇವೆಯಲ್ಲ ಅನ್ನಬಹುದು. ಅವು 1 ಮತ್ತು 5 ಎಂಬ ಬೆಲೆಗಳಿಗೆ ಸರಿ, ನಕ್ಷೆಯ ಮೇಲಿನ ಜಾಗಕ್ಕಲ್ಲ. ವೈ ಅಕ್ಷದ ಕಡೆಯ 5ಕ್ಕಂತೂ ಆ ಪದಗಳು ಹೊಂದೋದೇ ಇಲ್ಲ.

ಸದ್ಯಕ್ಕೆ ‘ಎಕ್ಸ್ ಅಕ್ಷ ಸೇರುವ ಬಿಂದು’, ‘ವೈ ಅಕ್ಷ ಸೇರುವ ಬಿಂದು’ ಅಂತ ಉದ್ದಕ್ಕೆ ಬರೆಸಿದ್ದೇನೆ. ಅರ್ಥವೇನೋ ಆಗುತ್ತದೆ. ಆದರೆ ಗ್ರಾಫಿನ ಪುಟ್ಟ ಜಾಗದಲ್ಲಿ ಬರೆಯಲು ಜಾಸ್ತಿಯಾಯಿತು.

ನಿಮ್ಮಲ್ಲಿ ಕನ್ನಡದಲ್ಲೇ ಗಣಿತ ಪಾಠ ಮಾಡುವವರು ಇದ್ದೀರಿ. ಪುಸ್ತಕದಲ್ಲಿ ಏನಿದೆ ಅಂತಲ್ಲ, ಬೋರ್ಡಿನ ಮುಂದೆ ನಿಂತಾಗ ಬಾಯಿಗೆ ಯಾವ ಮಾತು ಬರುತ್ತದೆ? ಸೇರುವುದಕ್ಕೂ ಮುಟ್ಟುವುದಕ್ಕೂ ಎರಡಕ್ಕೂ ಸಲ್ಲುವ ಒಂದು ಗಿಡ್ಡ ಪದ ನಿಮ್ಮ ಕಡೆ ಇದೆಯಾ? ಭಾನುವಾರ ಅವಳು ಊರಿಗೆ ಹೋಗುತ್ತಾಳೆ. ಅಷ್ಟರೊಳಗೆ ತಿಳಿಸಿದರೆ ನನ್ನ ಮಾನ ಉಳಿಯುತ್ತದೆ.